ಹನ್ನೊಂದು ತಿಂಗಳ ಕರಾರು

ಖಾನಾಪುರ ತಾಲ್ಲೂಕಿನವರಿಗೆ ಊರು ಬಿಡುವುದು ಹೊಸದಲ್ಲ. ಕಾಡು, ಮಳೆ, ಹಂಚು-ಮಡಕೆಗೆ ಒದಗುವ ಜೇಡಿಮಣ್ಣು ಬಿಟ್ಟರೆ ತಿಂಗಳ ಸಂಬಳ ಕೊಡುವಂಥದ್ದು ಅಲ್ಲಿ ಹೆಚ್ಚಿರಲಿಲ್ಲ. ಲೋಂಡಾದಲ್ಲಿ ರೈಲು ಹತ್ತಿದವರು ಗೋವಾಕ್ಕೆ, ಮುಂಬೈಗೆ, ಅಲ್ಲಿಂದ ಕೊಲ್ಲಿ ದೇಶಗಳಿಗೆ ಹೋದರು. ಬೆಳಗಾವಿಗೆ ಬರುವ ಮೊದಲು ಆ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನು ಕನ್ನಡ ಮಾಸ್ತರನಾಗಿದ್ದೆ. ಪಾಸ್‌ಪೋರ್ಟಿನ ಅರ್ಜಿ, ವೀಸಾದ ಕಾಗದ ತುಂಬಿಸಿಕೊಳ್ಳಲು ಸಂಜೆ ಹೊತ್ತು ನನ್ನ ಮನೆಗೆ ಜನ ಬರುತ್ತಿದ್ದರು. ನಿಕಾಹ್ ಆದ ನಲವತ್ತು ದಿನಕ್ಕೆ ಗಂಡ ವಿಮಾನ ಹತ್ತಿ, ಆಮೇಲೆ ಎರಡು-ಮೂರು ವರ್ಷಕ್ಕೊಮ್ಮೆ ಮುಖ ತೋರಿಸಿದ ಸಂಸಾರಗಳನ್ನು ಎಷ್ಟು ನೋಡಿಲ್ಲ! ಒಂದಿಬ್ಬರ ನಿಕಾಹ್ ಫೋನಿನಲ್ಲೇ ನಡೆದಿತ್ತು. ವರ ಅಲ್ಲಿ, ವಧು ಇಲ್ಲಿ, ನಡುವೆ ಕರಕರ ಎನ್ನುವ ಲೈನು. ಬದುಕು ಕೂಡಿರಲಿಲ್ಲ, ಆದರೆ ಕಾಗದ ಗಟ್ಟಿ ಇತ್ತು. ನಿಕಾಹ್‌ನಾಮೆಗೆ ಸಾಲಾಗಿ ಮೊಹರು ಬಿದ್ದರೆ ಯಾವ ಅಧಿಕಾರಿಯೂ 'ನೀವಿಬ್ಬರು ಎಷ್ಟು ದಿನ ಒಂದೇ ಮನೆಯಲ್ಲಿದ್ದಿರಿ' ಎಂದು ಕೇಳುತ್ತಿರಲಿಲ್ಲ.

ಇದಕ್ಕೆ ತಿರುವುಮುರುವಾದ ಸಂಗತಿಯೊಂದು 2022ರ ಮಳೆಗಾಲ ಮುಗಿದ ಮೇಲೆ ನನ್ನ ಮನೆ ಬಾಗಿಲಿಗೆ ಬಂತು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ನರ್ಸಿಂಗ್ ಓದಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅವನು ಖಾನಾಪುರ ಕಡೆಯ ಕ್ರೈಸ್ತರ ಹುಡುಗ, ಮನೆಮಾತು ಕೊಂಕಣಿ. ಇಬ್ಬರೂ ಕೂಡಿ ಬಾಳುತ್ತಿದ್ದರು, ಮದುವೆಯಾಗಿರಲಿಲ್ಲ. ಕೆನಡಾಕ್ಕೆ ಹೋಗುವವರಿದ್ದರು. ಇಬ್ಬರ ಒಪ್ಪಿಗೆ ಪಡೆದೇ, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ನಾನೂ ಅವಳೂ ಮನೆಯ ಉರ್ದುವಿನಲ್ಲೇ ಮಾತು ಶುರುಮಾಡುತ್ತೇವೆ. ಕಷ್ಟದ ವಿಷಯ ಬಂದಾಗ ಮಾತ್ರ ಅವಳು ಕನ್ನಡಕ್ಕೆ ಹೊರಳುತ್ತಾಳೆ. ಅಂದು ಬಾಗಿಲಲ್ಲೇ ಕನ್ನಡದಲ್ಲಿ ಶುರುಮಾಡಿದಳು.

"ಸರ, ನಮ್ಮಿಬ್ಬರನ್ನ ನೀವು ನೋಡೀರಿ. ನೋಡಿದ್ದಷ್ಟ ಬರದ ಕೊಡ್ರಿ."

ಕೆನಡಾದ ವಲಸೆ ನಿಯಮದಲ್ಲಿ ಮದುವೆಯಾದ ದಂಪತಿಗಳ ಜೊತೆಗೆ ಇನ್ನೊಂದು ವರ್ಗವಿದೆ. ಮದುವೆಯಿಲ್ಲದೆಯೂ ಗಂಡ-ಹೆಂಡಿರಂತೆ ಕನಿಷ್ಠ ಒಂದು ವರ್ಷ ಎಡೆಬಿಡದೆ ಒಂದೇ ಮನೆಯಲ್ಲಿ ಬಾಳಿದವರನ್ನು ಅದು ಸಂಗಾತಿಗಳೆಂದು ಒಪ್ಪುತ್ತದೆ. ಐಎಂಎಂ 5409 ಎಂಬ ಘೋಷಣೆಯ ಫಾರ್ಮಿಗೆ ನೋಟರಿಯ ಮುಂದೆ ಇಬ್ಬರೂ ಸಹಿ ಹಾಕಬೇಕು. ಜೊತೆಗೆ ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರೂ ಇರುವ ಬಾಡಿಗೆ ಪತ್ರ, ಒಂದೇ ವಿಳಾಸಕ್ಕೆ ಬಂದ ಬಿಲ್ಲುಗಳು, ಬಂಧು-ಮಿತ್ರರ ಪತ್ರಗಳು ಇದ್ದಷ್ಟೂ ಒಳ್ಳೆಯದು. ಆಸ್ಟ್ರೇಲಿಯಾದವರೂ ಸಾಮಾನ್ಯವಾಗಿ 12 ತಿಂಗಳು ಕೇಳುತ್ತಾರೆ. ಬ್ರಿಟನ್ನಿನವರು ಆಗ ಎರಡು ವರ್ಷದ ಸಹವಾಸ ಕೇಳುತ್ತಿದ್ದರು. 2024ರ ಜನವರಿ ಕೊನೆಯಿಂದ ಒಂದೇ ಮನೆಯಲ್ಲಿ ಇರಲೇಬೇಕೆಂಬುದನ್ನು ಬಿಟ್ಟು, ಎರಡು ವರ್ಷದ ಗಟ್ಟಿ ಸಂಬಂಧ ಸಾಕು ಎಂದಿದ್ದಾರೆ. ಅಮೆರಿಕದಲ್ಲಿ ಕೆಲಸಕ್ಕೆ ಹೋದವರ ಜೊತೆಗಾರರ ವೀಸಾ ಮದುವೆಯಾದವರಿಗೆ ಮಾತ್ರ. ನಮ್ಮವರು ಹೆಚ್ಚು ಹೋಗುವ ಕೊಲ್ಲಿಯಲ್ಲಂತೂ ಇದು ಜೈಲಿಗೆ ಹೋಗುವ ಮಾತಾಗಿತ್ತು. ಸಂಯುಕ್ತ ಅರಬ್ ಸಂಸ್ಥಾನ 2020ರ ನವೆಂಬರಿನಲ್ಲಷ್ಟೇ ಅದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಹಾಂ, ಆ ಫೋನಿನ ನಿಕಾಹ್ ಇದೆಯಲ್ಲ, ಅದನ್ನು ಕೆನಡಾ 2015ರ ಜೂನ್ 11ರಿಂದ ವಲಸೆಗೆ ಒಪ್ಪುತ್ತಿಲ್ಲ. ಮದುವೆಯ ಹೊತ್ತಿಗೆ ಇಬ್ಬರೂ ಎದುರಿಗಿರಬೇಕು ಎನ್ನುತ್ತದೆ. ಈ ಒಂದು ವಿಷಯದಲ್ಲಿ ನನಗೆ ಕೆನಡಾದವರ ಮೇಲೆ ಗೌರವ ಬಂತು.

ಕೇಳುವುದಕ್ಕೆ ಇದೆಲ್ಲ ಸರಳ. ಆದರೆ ಬೆಳಗಾವಿಯಲ್ಲಿ ಮುಚ್ಚಿಟ್ಟರೆ ಮಾತ್ರ ನಡೆಯುವ ಬದುಕನ್ನೇ ಅಲ್ಲಿ ಬಿಚ್ಚಿ ತೋರಿಸಬೇಕು.

ಅವರ ಬಾಡಿಗೆ ಮನೆಯನ್ನೇ ನೋಡಿ. 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡಿನ ಮನೆ. ಹುಡುಗ ಒಬ್ಬನೇ ಹೋಗಿ ಮಾತಾಡಿ, ಕರಾರು ಅವನೊಬ್ಬನ ಹೆಸರಿನಲ್ಲಿ ಆಗಿತ್ತು. ಅವನ ಹೆಸರಿನ ಪಕ್ಕ ಅವಳ ಹೆಸರು ಬರೆದರೆ ಮನೆ ಕೊಡುವವರು ಯಾರು? ಮನೆಯ ಮಾಲಕಿ ಕೇಳುವ ಮೊದಲೇ ಅವಳು ಕೊರಳಿಗೆ ಕರಿಮಣಿ ಹಾಕಿಕೊಂಡಳು. ಮೇಲಿನ ಮನೆಯವರು ಅವಳನ್ನು ಬೇರೆ ಯಾವುದೋ ಹೆಸರಿನಿಂದ ಕರೆಯುತ್ತಿದ್ದರು, ಅವಳು ಓಗೊಡುತ್ತಿದ್ದಳು. ಇನ್ನು ಕರಾರೋ, ನಮ್ಮ ಕಡೆ ಎಲ್ಲರೂ ಮಾಡಿಸುವ ಹಾಗೆ 11 ತಿಂಗಳದ್ದು. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾಗುತ್ತದೆ, ಖರ್ಚು ಬರುತ್ತದೆ. ಅದಕ್ಕೇ ಈ 11ರ ಲೆಕ್ಕ. ಅಲ್ಲಿಯವರಿಗೆ ಬೇಕಾದದ್ದು 12. ಆ ಒಂದು ತಿಂಗಳ ಮೇಲೆ ನಿಂತು ಅವಳು ನಕ್ಕದ್ದು ನೆನಪಿದೆ. ಎರಡನೆಯ ಕರಾರಿನಲ್ಲಿ ತನ್ನ ಹೆಸರು ಸೇರಿಸಲು ಅವರು ಮನೆಯನ್ನೇ ಬದಲಿಸಬೇಕಾಯಿತು. ಹೊಸ ಮಾಲಕ ಮಿಲಿಟರಿಯಿಂದ ನಿವೃತ್ತನಾದ ಮರಾಠಿಗ. ಹೆಸರು ನೋಡಿ, "ಬಾಡಗಿ ಐದನೇ ತಾರೀಖಿಗೆ ಬರಬೇಕ ನೋಡ್ರಿ" ಎಂದಷ್ಟೇ ಹೇಳಿದನಂತೆ. ಇಂಥವರೂ ಇದ್ದಾರೆ.

ಬ್ಯಾಂಕಿನಲ್ಲಿ ತೊಡಕಾಗಲಿಲ್ಲ. ಜಂಟಿ ಖಾತೆಗೆ ಮದುವೆಯ ಕಾಗದ ಬೇಕಿಲ್ಲ.

'ಇಷ್ಟೆಲ್ಲ ಪಡಿಪಾಟಲೇಕೆ, ಮದುವೆಯಾಗಿಬಿಡಬಾರದೆ?' ಎಂದು ಓದುಗರು ಕೇಳಬಹುದು. ನಾನೂ ಕೇಳಿದೆ. ಅವನು ಕಲಿಮಾ ಓದದೆ ನಮ್ಮಲ್ಲಿ ನಿಕಾಹ್ ಇಲ್ಲ. ಇಗರ್ಜಿಯಲ್ಲಿ ಆಗಬೇಕೆಂದರೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕು. ಇಬ್ಬರಿಗೂ ಇನ್ನೊಬ್ಬರ ನಂಬಿಕೆಯನ್ನು ಬಿಡಿಸುವ ಮನಸ್ಸಿರಲಿಲ್ಲ. ಒಂದು ವೇಳೆ ಮತಾಂತರವೇ ಆಗುತ್ತೇನೆಂದರೂ 2022ರ ಕರ್ನಾಟಕದ ಕಾಯ್ದೆಯಂತೆ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕಿತ್ತು. ಉಳಿದದ್ದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲೂ 30 ದಿನದ ನೋಟಿಸು. ವಿವಾಹಾಧಿಕಾರಿಯ ಕಚೇರಿಯಲ್ಲಿ, ಅಂದರೆ ನಮ್ಮಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಬೋರ್ಡಿನಲ್ಲಿ, ಇಬ್ಬರ ಹೆಸರು, ವಿಳಾಸ ಅಂಟಿಸಬೇಕು. ಹೊಲ-ಮನೆ ನೋಂದಣಿಗೆ ಬಂದವರು, ಏಜೆಂಟರು, ಚಹಾದ ಹುಡುಗರು ಎಲ್ಲರೂ ಓದುವ ಬೋರ್ಡು ಅದು. ಹೊರದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಆಗೋಣವೆಂದರೆ 1969ರ ವಿದೇಶಿ ವಿವಾಹ ಕಾಯ್ದೆಯಲ್ಲೂ ನೋಟಿಸು ತಪ್ಪಿದ್ದಲ್ಲ. ಮೆಚ್ಚಿದವರನ್ನು ಮದುವೆಯಾಗುವುದು ಮೂಲಭೂತ ಹಕ್ಕು ಎಂದು ನಮ್ಮ ಹೈಕೋರ್ಟು 2020ರ ನವೆಂಬರಿನಲ್ಲಿ ವಾಜಿದ್ ಖಾನ್ ಪ್ರಕರಣದಲ್ಲಿ ಹೇಳಿತ್ತು, ನಿಜ. ಆದರೆ ತೀರ್ಪು ಆ ಬೋರ್ಡಿನ ಮುಂದೆ ಕಾವಲು ನಿಲ್ಲುವುದಿಲ್ಲವಲ್ಲ.

ಭಯ ಸುಮ್ಮನೆ ಹುಟ್ಟಿದ್ದಲ್ಲ. 2021ರ ಸೆಪ್ಟೆಂಬರ್ 28ರಂದು ಖಾನಾಪುರದ ಹತ್ತಿರ ರೈಲು ಹಳಿಯ ಮೇಲೆ 24ರ ಮುಸ್ಲಿಂ ಯುವಕನ ಶವ ಸಿಕ್ಕಿತು. ಅವನು ಒಲಿದದ್ದು ಹಿಂದೂ ಹುಡುಗಿಯನ್ನು. ಅಕ್ಟೋಬರಿನಲ್ಲಿ ಪೊಲೀಸರು ಹುಡುಗಿಯ ತಂದೆ-ತಾಯಿ ಸೇರಿ 10 ಮಂದಿಯನ್ನು ಬಂಧಿಸಿದರು. ಮೂರು ತಿಂಗಳೂ ಆಗಿರಲಿಲ್ಲ, ಅದೇ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕೂತ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿತು. ಕೊಲೆಯಾದ ಹುಡುಗನ ತಾಯಿಯ ದುಃಖ ಮಾತ್ರ ಯಾರ ಮಸೂದೆಗೂ ವಿಷಯವಾಗಲಿಲ್ಲ. ನಮ್ಮ ಜನ ಆಗ ಸರಿಯಾಗಿಯೇ ಸಿಟ್ಟಾದರು. ಆದರೆ ಅದೇ ಜನರಲ್ಲಿ ಎಷ್ಟು ಮಂದಿ, ತಮ್ಮ ಮನೆಯ ಹೆಣ್ಣುಮಗಳು ಹೊರಗಿನವನನ್ನು ಮೆಚ್ಚಿದರೆ ಅವಳ ಮೊಬೈಲು ಕಸಿದು ಕೋಣೆಯಲ್ಲಿ ಕೂಡಿಹಾಕುವುದಿಲ್ಲ? ಈ ಪ್ರಶ್ನೆಯನ್ನು ಮೊಹಲ್ಲಾದ ಸಭೆಯೊಂದರಲ್ಲಿ ಎತ್ತಿದಾಗ ಎದ್ದು ಹೋದವರಿದ್ದಾರೆ. ಧರ್ಮ ಬೇರೆಯಾದರೆ ಮಾತ್ರ ಹೀಗೆಂದೂ ಅಲ್ಲ. 2023ರ ಡಿಸೆಂಬರ್ 11ರಂದು ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ, ಮಗ ಹುಡುಗಿಯೊಂದಿಗೆ ಹೋದನೆಂದು ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಹುಡುಗ-ಹುಡುಗಿ ಇಬ್ಬರದೂ ಒಂದೇ ಸಮುದಾಯ.

ಕೆನಡಾದ ನಿಯಮದಲ್ಲಿ ಇದಕ್ಕೂ ಒಂದು ಸಾಲಿದೆ. ಕಿರುಕುಳಕ್ಕೆ ಅಥವಾ ಶಿಕ್ಷೆಗೆ ಗುರಿಯಾಗುವ ಕಾರಣದಿಂದ ಒಂದೇ ಮನೆಯಲ್ಲಿ ಇರಲಾಗದವರಿಗೆ ಸಹವಾಸದ ಷರತ್ತು ಸಡಿಲ. ಅದನ್ನು ತೋರಿಸಿದೆ. ಅವಳು ಓದಿ ಕಾಗದ ಮಡಚಿಟ್ಟಳು. "ನಾವು ಕೂಡೇ ಇದ್ದೀವಲ್ಲ ಸರ. ಅಂಜಿಕೊಂತ ಇದ್ದೀವಿ, ಅಷ್ಟ."

ಒಬ್ಬ ಏಜೆಂಟ್ ಸುಲಭದ ದಾರಿಯೊಂದನ್ನು ತೋರಿಸಿದ್ದ: ಮದುವೆಯ ಸರ್ಟಿಫಿಕೇಟನ್ನೇ 'ಮಾಡಿಸಿ' ಕೊಡುತ್ತೇನೆಂದು. ಸುಳ್ಳು ಕಾಗದ ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆಂದು ಅವನು ಹೇಳಿರಲಿಲ್ಲ. ಹುಡುಗನೇ ಓದಿ ತಿಳಿದುಕೊಂಡು ಬಂದಿದ್ದ.

ನನ್ನ ಕಷ್ಟ ಬೇರೆ ಇತ್ತು. ನಿಕಾಹ್ ಇಲ್ಲದ ಸಹವಾಸ ನನ್ನ ನಂಬಿಕೆಗೆ ಒಗ್ಗುವುದಿಲ್ಲ. ಅದನ್ನು ಅವಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ತಲೆ ತಗ್ಗಿಸಲಿಲ್ಲ, ವಾದಿಸಲೂ ಇಲ್ಲ. ಇನ್ನೊಂದು ಕಷ್ಟ, ಅವಳ ತಂದೆ. ಖಡೇಬಜಾರಿನಲ್ಲಿ ಸಣ್ಣ ಅಂಗಡಿ, ಶುಕ್ರವಾರ ಜುಮಾ ನಮಾಜಿನ ಬಳಿಕ ನನ್ನೊಡನೆ ಚಹಾ ಕುಡಿಯುವವರು. ಮಗಳು ಹಾಸ್ಟೆಲಿನಲ್ಲಿದ್ದಾಳೆಂದೇ ಅವರ ಎಣಿಕೆ. ನಾನು ಸಹಿ ಹಾಕಿದರೆ ಆ ಚಹಾ ಗಂಟಲಲ್ಲಿ ಇಳಿಯುವುದು ಹೇಗೆ? ನಾಲ್ಕು ದಿನ ಯೋಚಿಸಿದೆ. ಅವಳು ನನ್ನಿಂದ ಫತ್ವಾ ಕೇಳಿರಲಿಲ್ಲ, ಸಾಕ್ಷಿ ಕೇಳಿದ್ದಳು. ಸಾಕ್ಷಿಯನ್ನು ಬಚ್ಚಿಡಬೇಡಿ ಎಂಬುದೂ ನನ್ನ ನಂಬಿಕೆಯ ಮಾತೇ. ಅವನು ಟೈಫಾಯ್ಡಿನಲ್ಲಿ ಮಲಗಿದ್ದಾಗ ಅವಳು ರಾತ್ರಿ ಪಾಳಿ ಮುಗಿಸಿ ಬಂದು ಗಂಜಿ ಕುಡಿಸಿದ್ದನ್ನು, ರಮಜಾನಿನಲ್ಲಿ ಸಹರಿಗೆ ಅವನೇ ಎದ್ದು ರೊಟ್ಟಿ ಬಿಸಿ ಮಾಡುತ್ತಿದ್ದುದನ್ನು ನಾನು ಕಂಡಿದ್ದೆ. ಕಂಡಷ್ಟನ್ನೇ ಒಂದೂವರೆ ಪುಟ ಬರೆದೆ. ಮದುವೆಯಾಗಿದ್ದಾರೆಂದು ಬರೆಯಲಿಲ್ಲ. ಒಳ್ಳೆಯದು, ಕೆಟ್ಟದ್ದು ಎಂದೂ ಬರೆಯಲಿಲ್ಲ. ಕೋರ್ಟಿನ ಎದುರಿನ ನೋಟರಿ ಕನ್ನಡಕದ ಮೇಲಿಂದ ನೋಡಿ, "ನೀವು ಹುಡುಗಿಗೆ ಏನಾಗಬೇಕ್ರಿ?" ಎಂದರು. "ಮಾಸ್ತರ" ಎಂದೆ. ಮೊಹರು ಬಿತ್ತು.

ಒಂದು ಮಾತನ್ನು ಮಾತ್ರ ಅವಳಿಂದ ಪಡೆದಿದ್ದೆ. ವಿಮಾನ ಹತ್ತುವ ಮೊದಲು ತಂದೆಗೆ ತಾನೇ ಹೇಳಬೇಕು, ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು. 2024ರಲ್ಲಿ ಕಾಗದ ಬಂತು. ಹೋಗುವ ಎರಡು ದಿನ ಮುಂಚೆ ಹೇಳಿದಳು. ತಂದೆ ಬೈಯಲಿಲ್ಲ, ಹೊಡೆಯಲಿಲ್ಲ. ಅಂಗಡಿಗೆ ಹೋಗಿ ಕೂತರು, ರಾತ್ರಿ ತಡವಾಗಿ ಮನೆಗೆ ಬಂದರು. ಕಳಿಸಿಕೊಡಲು ತಾಯಿಯಷ್ಟೇ ಬಂದಿದ್ದರು.

ಈಗ ಅವರಿಬ್ಬರೂ ಒಂಟಾರಿಯೋದಲ್ಲಿದ್ದಾರೆ. ಅಲ್ಲಿ ಪರವಾನಗಿ ಕೈಗೆ ಬಂದ ದಿನವೇ ಮದುವೆಯಾಗಬಹುದು, 30 ದಿನದ ಬೋರ್ಡಿಲ್ಲ. "ಆಗ್ರಿ ಮತ್ತ" ಎಂದು ಫೋನಿನಲ್ಲಿ ಹೇಳಿದೆ. "ಆಗತೀವಿ ಸರ. ಅಬ್ಬಾ ಒಮ್ಮೆ ಫೋನ್ ಎತ್ತಲಿ ಅಂತ ಕಾಯಾಕತ್ತೀವಿ" ಎಂದಳು.

ಅವರ ತಂದೆ ನಾಲ್ಕು ಶುಕ್ರವಾರ ಚಹಾಕ್ಕೆ ಬರಲಿಲ್ಲ. ಐದನೆಯದಕ್ಕೆ ಬಂದರು. ಮಗಳ ಹೆಸರು ಎತ್ತಲಿಲ್ಲ, ನನ್ನ ಸಹಿಯ ಸುದ್ದಿಯನ್ನೂ ಎತ್ತಲಿಲ್ಲ. ಬಸಿಯಲ್ಲಿ ಚಹಾ ಆರಿಸುತ್ತ, ಆ ಕಡೆ ಈಗ ಥಂಡಿ ಎಷ್ಟಿರುತ್ತದೆ ಎಂದು ಉರ್ದುವಿನಲ್ಲಿ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಉಣ್ಣೆಯ ಬಟ್ಟೆ ಅಲ್ಲೇ ಸಿಗುತ್ತದೋ ಇಲ್ಲಿಂದ ಕಳಿಸಬೇಕೋ ಎಂದು ಮತ್ತೆ ಕೇಳಿದರು.