ಉತಾರದಲ್ಲಿ ಇಲ್ಲದವರ ಮುಳುಗಡೆ

ಅಣೆಕಟ್ಟನ್ನು ಅಳೆಯಲು ಮೂರು ಕೋಲುಗಳಿವೆ. ಎತ್ತರಕ್ಕೆ ಮೀಟರು, ನೀರಿಗೆ ಟಿಎಂಸಿ, ನೆಲಕ್ಕೆ ಎಕರೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.6 ಮೀಟರಿಗೆ. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿನವರೆಗೆ ನಿಲ್ಲಿಸಬಹುದು ಎಂದಿತು. ಹಾಗೆ ನಿಲ್ಲಿಸಿದರೆ ಇನ್ನೂ 75,563 ಎಕರೆ ಮುಳುಗುತ್ತದೆ ಎಂದು ಸರ್ಕಾರವೇ ಲೆಕ್ಕ ಕೊಟ್ಟಿದೆ. ಮೀಟರಿನಲ್ಲಿ ಚುಕ್ಕಿಯ ಮುಂದೆ ಮೂರು ಅಂಕಿ! ಅಷ್ಟು ಕರಾರುವಾಕ್ಕು. ಆದರೆ ಒಂದು ಗುಂಟೆಯೂ ಇಲ್ಲದವನು ಎಷ್ಟು ಮುಳುಗುತ್ತಾನೆ? ಅವನನ್ನು ಅಳೆಯುವ ಕೋಲು ಯಾವುದು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಹುಟ್ಟಿದ್ದು ಪುನರ್ವಸತಿ ಕೇಂದ್ರದಲ್ಲಿ. ಹಳೇ ಊರು ಕೃಷ್ಣೆಯ ದಂಡೆಯಲ್ಲಿತ್ತಂತೆ. ನಾನು ಅದನ್ನು ಕಂಡಿಲ್ಲ. ನಮ್ಮ ವಂಶದಲ್ಲಿ ಡಿಗ್ರಿಯ ಕಾಗದ ಹಿಡಿದವನು ನಾನೇ ಮೊದಲು. ಅದಕ್ಕೂ ಮುಂಚೆ ಮನೆಗೆ ಬಂದ ಸರ್ಕಾರಿ ಕಾಗದವೆಂದರೆ ಗೋಡೆ, ತಗಡು, ತೊಲೆಗಳ ಪರಿಹಾರದ ನೋಟೀಸು. ಹೊಲದ ನೋಟೀಸು ಬರಲಿಲ್ಲ. ಹೊಲವೇ ಇರಲಿಲ್ಲ. ಉತಾರದಲ್ಲಿ ನಮ್ಮ ಮುತ್ಯಾನ ಹೆಸರು ಎಂದೂ ಏರಿದ್ದಿಲ್ಲ.

ಹಾಗಾದರೆ ಕೇರಿಯ ಜನ ಅಲ್ಲಿ ಯಾವುದರ ಮೇಲೆ ಬದುಕಿದ್ದರು? ನಮ್ಮ ಆಯಿ ಕೈಬೆರಳು ಮಡಚಿ ಎಣಿಸುತ್ತಾಳೆ. ಕಳೆ, ಕೊಯ್ಲು, ರಾಶಿಯ ಕೂಲಿ ಒಂದು. ಸುಗ್ಗಿ ಮುಗಿದ ಮೇಲೆ ಎರಿ ಹೊಲದಲ್ಲಿ ಬಿದ್ದ ತೆನೆ ಆಯುವ ಹಕ್ಕಲು ಒಂದು. ನೀರು ಇಳಿದ ಹೊಳೆದಂಡೆಯಲ್ಲಿ ಯಾರನ್ನೂ ಕೇಳದೆ ಹಾಕಿಕೊಳ್ಳುವ ಕಾಯಿಪಲ್ಲೆ ಒಂದು. ಒಲೆಗೆ ಜಾಲಿ ಕಟ್ಟಿಗೆ, ಎರಡು ಆಡಿಗೆ ಬದುವಿನ ಹುಲ್ಲು, ಹಗ್ಗಕ್ಕೆ ಪುಂಡಿ ನಾರು, ಮಳೆಗಾಲದಲ್ಲಿ ಮೀನು. ಮಾತಿನ ಮೇಲೆ ನಡೆಯುತ್ತಿದ್ದ ಪಾಲಿನ ಹೊಲ. ಇವುಗಳಲ್ಲಿ ಒಂದಕ್ಕಾದರೂ ಸರ್ವೆ ನಂಬರಿತ್ತೇ? ಒಂದಕ್ಕಾದರೂ ಪಾವತಿ ಇತ್ತೇ?

“ಹೊಲ ಮುಳುಗಿದವರಿಗೆ ರೊಕ್ಕ ಬಂತು ಯಪ್ಪಾ. ಹೊಲದಾಗ ದುಡದವ್ರು ಮುಳುಗಲಿಲ್ಲೇನು?” ಅಂತಾಳೆ ಆಯಿ. ಸಮಾಜಶಾಸ್ತ್ರದ ಮೂರು ವರ್ಷದ ಪಾಠದಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಕೇಳಿಲ್ಲ.

ಟೇಪು ಹಿಡಿದು ಬಂದ ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಅವರ ಕೈಗೆ ಕೊಟ್ಟ ಕಾಯ್ದೆಯೇ ಹಾಗಿತ್ತು. ಅದು 1894ರದ್ದು, ಬ್ರಿಟಿಷರು ಮಾಡಿದ್ದು. ನೆಲವನ್ನು ಕೊಳ್ಳುವ ಕಾಯ್ದೆ ಅದು. ನೆಲದ ಮೇಲಿನ ಬದುಕನ್ನು ಕೇಳುವ ಕಾಯ್ದೆಯಲ್ಲ. ಅದರ ಕಣ್ಣಿಗೆ ಕಂಡವನು ಮಾಲೀಕ, ಹೆಚ್ಚೆಂದರೆ ಕಾಗದವಿದ್ದ ಗೇಣಿದಾರ. ಕೂಲಿಯವಳು ಕಾಣಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗಲೂ ಇದೇ ಕಾಯ್ದೆ, 2006ರಲ್ಲಿ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದಾಗಲೂ ಇದೇ ಕಾಯ್ದೆ. ಸ್ವಾತಂತ್ರ್ಯ ಬಂದಿತ್ತು, ಸಂವಿಧಾನ ಬಂದಿತ್ತು; ಭೂಸ್ವಾಧೀನದ ಕಚೇರಿಯೊಳಗೆ ಮಾತ್ರ ವಿಕ್ಟೋರಿಯಾ ರಾಣಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. 1989ರಲ್ಲಿ ಯೋಜನೆಯ ಎರಡನೇ ಹಂತಕ್ಕೆ ವಿಶ್ವಬ್ಯಾಂಕಿನ ಸಾಲ ಬಂತು. ಪುನರ್ವಸತಿ ಕೆಲಸ ಹಿಂದೆ ಬಿದ್ದಿದೆ ಎಂದು ಆ ಬ್ಯಾಂಕೇ ನಡುವೆ ಹಣ ತಡೆಯಬೇಕಾಯಿತು. ಬಡವರ ಬಡ್ಡಿ ಲೆಕ್ಕ ಹಾಕುವವರಿಗೂ ಕಂಡ ಹುಳುಕು ಅದು.

ಇಲ್ಲಿ ಒಂದು ಮಾತನ್ನು ಖಡಾಖಡಿ ಹೇಳಬೇಕು. ಮುಳುಗಿದ ಊರಿನ ಬಗ್ಗೆ ಕಣ್ಣೀರು ಸುರಿಸುವ ಕತೆ ಕವಿತೆಗಳು ಬಹಳ ಬಂದಿವೆ. ಗುಡಿ ಮುಳುಗಿತು, ವಾಡೆ ಮುಳುಗಿತು, ಜಾತ್ರೆ ಮುಳುಗಿತು ಅಂತ. ಆ ಗುಡಿಯೊಳಗೆ ನಮ್ಮವರು ಕಾಲಿಟ್ಟಿದ್ದಿಲ್ಲ. ಆ ವಾಡೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು ನಾವು. 1948ರ ನವೆಂಬರಿನಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಎದ್ದುನಿಂತು, ನೀವು ಹೊಗಳುವ ಈ ಹಳ್ಳಿ ಸಂಕುಚಿತ ಬುದ್ಧಿಯ, ಅಜ್ಞಾನದ ಗುಂಡಿ ಎಂಬ ಅರ್ಥದಲ್ಲಿ ಹೇಳಿದ್ದು ನಮ್ಮ ಕೇರಿಗೆ ಹೊಸ ಸುದ್ದಿಯಾಗಿರಲಿಲ್ಲ. ಸುಗ್ಗಿಯಲ್ಲಿ ಕಣದ ಆಚೆ ನಿಂತು ಪಡೆಯುತ್ತಿದ್ದ ಆಯದ ಜೋಳವೇ ಸಾಕ್ಷಿ. ವರ್ಷವಿಡೀ ಸತ್ತ ದನ ಎಳೆದು, ಡಂಗುರ ಸಾರಿ, ಕರೆದಲ್ಲಿ ಓಡಿದ್ದಕ್ಕೆ ಆ ಮೊರದ ಕಾಳು. ಅದು ಕೂಲಿಯೂ ಅಲ್ಲ, ದಾನವೂ ಅಲ್ಲ. ಕೊರಳಿಗೆ ಹಾಕಿದ ಹಗ್ಗ.

ಆ ಹಗ್ಗ ನೀರಲ್ಲಿ ಹೋಯಿತು. ಒಳ್ಳೆಯದೇ ಆಯಿತು. ಆದರೆ ಹಗ್ಗದ ಜೊತೆ ಕಾಳೂ ಹೋಯಿತಲ್ಲ! ಅದರ ಜಾಗಕ್ಕೆ ಏನು ಬಂತು? ಗೋವೆಯ ಕಟ್ಟಡ ಕೆಲಸ ಬಂತು. ಕಬ್ಬು ಕಡಿಯುವ ಗ್ಯಾಂಗಿನ ಮುಂಗಡ ಬಂತು. ಹೊಸ ಊರಲ್ಲೂ ಕೇರಿ ಕೇರಿಯಾಗಿಯೇ ಉಳಿಯಿತು. ಓಣಿ ನೆಟ್ಟಗಾಯಿತು, ಅಷ್ಟೆ. ಸಾಮಾಜಿಕ ಪರಿಣಾಮದ ಅಧ್ಯಯನ ಎಂದು ಯಾರಾದರೂ ಮಾಡುವುದಾದರೆ ಎರಡನ್ನೂ ಬರೆಯಬೇಕು. ಯಾವ ಜೀತ ಕಳಚಿತು, ಯಾವ ಅನ್ನ ತಪ್ಪಿತು. ಒಂದನ್ನೇ ಬರೆದರೆ ಅದು ಗೌಡರ ಲೆಕ್ಕ ಅಥವಾ ಗುತ್ತಿಗೆದಾರರ ಲೆಕ್ಕ.

ಇನ್ನು ಲಾಭದ ಕಡೆ ನೋಡಿ. ಕೆಳಗೆ ನಾರಾಯಣಪುರದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ಹರಿಸಿತು. ಮಳೆ ನೋಡಿ ಜೋಳ ಬಿತ್ತುತ್ತಿದ್ದಲ್ಲಿ ಭತ್ತ ಎದ್ದಿತು. ಇದು ಸುಳ್ಳಲ್ಲ, ಸಣ್ಣದೂ ಅಲ್ಲ. ಕಾಲುವೆ ಕಡೆಯ ಕೂಲಿಯವರಿಗೂ ನಾಟಿಯ ಕೆಲಸ ಸಿಕ್ಕಿದೆ. ಆದರೆ ನೀರು ಹೊಲ ನೋಡಿ ಹರಿಯುತ್ತದೆ. ಹತ್ತು ಎಕರೆಯವನಿಗೆ ಹತ್ತು ಎಕರೆಯ ನೀರು, ಹೊಲವಿಲ್ಲದವನಿಗೆ ಕಾಲುವೆಯ ಏರಿ. ಹೀಗೆ ಮೇಲೆ ಮುಳುಗಿದಾಗ ಪರಿಹಾರವೂ ಎಕರೆಯ ಲೆಕ್ಕ, ಕೆಳಗೆ ಹಸಿರಾದಾಗ ಲಾಭವೂ ಎಕರೆಯ ಲೆಕ್ಕ. ಭೂಮಿಯಿಲ್ಲದವನು ಎರಡು ಕಡೆಯೂ ಸೊನ್ನೆ. ಎಲ್ಲರ ಲಾಭ ಕೂಡಿಸಿ, ಎಲ್ಲರ ನಷ್ಟ ಕಳೆದು, ‘ಯೋಜನೆ ಲಾಭದಾಯಕ’ ಎಂದು ವರದಿ ಬರೆಯುತ್ತಾರಲ್ಲ, ಆ ಕೂಡಿಸುವ ಕಳೆಯುವ ಆಟದಲ್ಲಿ ಸೊನ್ನೆಗೆ ಏನು ಬೆಲೆ?

2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಬಂತು, 2014ರ ಜನವರಿ 1ರಿಂದ ಜಾರಿಯಾಯಿತು. ಅದರ 3ನೇ ಕಲಮನ್ನು ಗೆಳೆಯರು ಒಮ್ಮೆ ಓದಬೇಕು. ಭೂಮಿಯಿಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದ ಕೃಷಿ ಕೂಲಿ, ಪಾಲಿಗೆ ಮಾಡುವವನು, ಕುಶಲಕರ್ಮಿ, ಅವರ ಮುಖ್ಯ ಜೀವನೋಪಾಯಕ್ಕೆ ಪೆಟ್ಟು ಬಿದ್ದರೆ ಅವರದೂ ‘ಬಾಧಿತ ಕುಟುಂಬ’ ಎಂದು ಅದು ಒಪ್ಪಿತು. ವಿಧವೆಯನ್ನೂ ಗಂಡ ಬಿಟ್ಟವಳನ್ನೂ ಬೇರೆ ಕುಟುಂಬವೆಂದು ಎಣಿಸಿತು. ಆಯಿಯ ಪ್ರಶ್ನೆ ಕಾಯ್ದೆಯ ಪುಟಕ್ಕೆ ಬರಲು ನೂರಾ ಹತ್ತೊಂಬತ್ತು ವರ್ಷ ಹಿಡಿಯಿತು! ಆರು ತಿಂಗಳೊಳಗೆ ಸಾಮಾಜಿಕ ಪರಿಣಾಮದ ಅಧ್ಯಯನ ಮುಗಿಯಬೇಕು, ಬಾಧಿತ ಊರಲ್ಲೇ ಬಹಿರಂಗ ವಿಚಾರಣೆ ನಡೆಯಬೇಕು, ವರದಿ ಊರ ಭಾಷೆಯಲ್ಲಿ ಪಂಚಾಯತಿಗೆ ಬರಬೇಕು ಎಂದೂ ಬರೆಯಿತು.

ಆದರೆ ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಸಿಯಿತು. ಪರಿಸರ ಪರಿಣಾಮದ ಅಧ್ಯಯನ ಬೇಕಾಗುವ ನೀರಾವರಿ ಯೋಜನೆಗೆ ಸಾಮಾಜಿಕ ಅಧ್ಯಯನ ಬೇಕಿಲ್ಲ ಎಂದು ಅದೇ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಮೀನು, ಮರ, ಮಣ್ಣು ಎಣಿಸಿದರೆ ಮನುಷ್ಯನನ್ನು ಎಣಿಸಿದಂತೆಯೇ? 2019ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ 10-ಎ ಕಲಮು ಸೇರಿಸಿ, ನೀರಾವರಿ, ಕೈಗಾರಿಕಾ ಕಾರಿಡಾರುಗಳಂಥ ಯೋಜನೆಗಳನ್ನು ಅಧ್ಯಯನದಿಂದ ಬಿಡಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಬಾಗಿಲು ತೆರೆದದ್ದೂ ಕಾಯ್ದೆಯೇ, ಚಿಲಕ ಹಾಕಿದ್ದೂ ಕಾಯ್ದೆಯೇ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಹೊಸ ಮುಳುಗಡೆಗೆ ದರ ಕಟ್ಟಿತು. ನೀರಾವರಿ ಎಕರೆಗೆ 40 ಲಕ್ಷ, ಒಣ ಎಕರೆಗೆ 30 ಲಕ್ಷ. ಹೊಲ ಕಳೆದುಕೊಳ್ಳುವ ರೈತನಿಗೆ ಅದು ಸಿಗಲಿ, ಬೇಗ ಸಿಗಲಿ. ಅವನ ಜೊತೆ ನಮಗೆ ಜಗಳವಿಲ್ಲ. ನಮ್ಮ ಜಗಳ ಎಕರೆಯೊಂದನ್ನೇ ಕಾಣುವ ಕಣ್ಣಿನ ಜೊತೆ. ಆ ಎಕರೆಯಲ್ಲಿ ಕಳೆ ಕಿತ್ತವಳಿಗೆ ಎಷ್ಟು?

ಮುಳುಗಲಿರುವ ಊರುಗಳ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ಯಾರೋ ಬಂದು ಅಧ್ಯಯನ ಮಾಡಲಿ ಅಂತ ಕಾಯಬೇಡಿ. ಒಂದು ನೋಟುಬುಕ್ಕು ಹಿಡಿದು ಕೇರಿಯಿಂದ ಶುರು ಮಾಡಿ. ಮನೆಗೊಂದು ಪುಟ. ಯಾರ ಹೊಲದಲ್ಲಿ ಎಷ್ಟು ದಿನ ದುಡಿಮೆ, ಯಾವ ಹೊಲ ಪಾಲಿಗೆ, ಹೊಳೆಯಿಂದ ಏನು ಬರುತ್ತದೆ, ಸಾಲ ಯಾರ ಹತ್ತಿರ, ಒಂಟಿ ಹೆಂಗಸರು ಎಷ್ಟು, ಸುಡುಗಾಡು ಎಲ್ಲಿ. ಮೂರು ವರ್ಷದ ದುಡಿಮೆಗೆ ಸಾಕ್ಷಿ ಬೇಕಲ್ಲ. ಉದ್ಯೋಗ ಖಾತ್ರಿಯ ಕಾರ್ಡು, ರೇಷನ್ ಕಾರ್ಡು, ಹೊಲದವನ ಮಾತು, ಎಲ್ಲ ಜೋಡಿಸಿಡಿ. ಗ್ರಾಮಸಭೆಯಲ್ಲಿ ಓದಿ, ಠರಾವು ಬರೆಸಿ, ಸಹಿ ಹಾಕಿಸಿ. ಬಾಧಿತ ಕುಟುಂಬಕ್ಕೆ ಉದ್ಯೋಗ, ಇಲ್ಲವೇ ಒಂದೇ ಗಂಟಿನಲ್ಲಿ 5 ಲಕ್ಷ, ಇಲ್ಲವೇ 20 ವರ್ಷ ತಿಂಗಳಿಗೆ 2,000ಕ್ಕೆ ಕಡಿಮೆಯಿಲ್ಲದ ಹಣ ಎಂದು ಕಾಯ್ದೆಯ ಎರಡನೇ ಅನುಸೂಚಿ ಹೇಳುತ್ತದೆ. ಅದನ್ನು ಕೇಳುವವನ ಹೆಸರು ಮೊದಲು ಕಾಗದದ ಮೇಲೆ ಇರಬೇಕು.

ನೀರು ಬಂದ ಮೇಲೆ ಬರೆದರೆ ಅದು ಶೋಕಗೀತೆ. ಈಗ ಬರೆದರೆ ದಾವೆ.