ಕೇರಿ ಮಕ್ಕಳಿಗೆ ಮೊದಲು ಯಾವ ಬಾಲು ಕೊಡಿಸೋದು?

ಪೋಸ್ಟು ಉದ್ದ ಇದೆ, ಪುರುಸೊತ್ತಾದಾಗ ಓದಿ.

ಏಪ್ರಿಲ್ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಬರೋ ಮೆಸೇಜುಗಳಲ್ಲಿ ಅರ್ಧ ಕ್ರಿಕೆಟ್ ಟೂರ್ನಮೆಂಟಿನವು. ಹಿರಿಯೂರು ಕಡೆಯಿಂದ, ಹೊಸದುರ್ಗದ ಹಳ್ಳಿಗಳಿಂದ, ದುರ್ಗದ ಕೇರಿಗಳಿಂದ. "ಅಣ್ಣ, ಅಂಬೇಡ್ಕರ್ ಕಪ್ ಮಾಡ್ತಿದೀವಿ, ಸೆಕೆಂಡ್ ಪ್ರೈಜ್ ನಿಮ್ದು" ಅಂತ ತೀರ್ಪು ಕೊಟ್ಟೇ ಮಾತು ಶುರು ಮಾಡ್ತಾರೆ. ಈ ಸಲ ಹೊಳಲ್ಕೆರೆಯ ಹಾಸ್ಟೆಲ್ ಹುಡುಗನೊಬ್ಬ ಬೇರೇನೇ ಕೇಳಿದ. "ಅಣ್ಣ, ನಾವು ಲೆದರ್ ಬಾಲಲ್ಲಿ ಆಡೋದು ಕಲೀಬೇಕು ಅಂತಿದೀವಿ. ಮೊದ್ಲು ಯಾವ ಬಾಲ್ ತಗೊಳ್ಳಾನ?" ಅವನಿಗೆ ಎರಡು ಸಾಲು ಬರೆದು ಕಳಿಸಿದೆ. ಆದರೆ ಆ ಪ್ರಶ್ನೆ ಎರಡು ಸಾಲಿನದಲ್ಲ.

ನಮ್ಮ ಕೇರಿ ಹುಡುಗರು ಟೆನಿಸ್ ಬಾಲಿನ ರಾಜರು. ಶೇಂಗಾ ಕಿತ್ತ ಹೊಲ ಇರಲಿ, ಕೆರೆ ಅಂಗಳ ಇರಲಿ, ದುರ್ಗದ ಹಳೇ ಮಾಧ್ಯಮಿಕ ಶಾಲೆ ಮೈದಾನ ಇರಲಿ, ಮೂರು ಕೋಲು ನೆಟ್ಟರೆ ಮುಗೀತು. ಹದಿನಾಲ್ಕು ವರ್ಷದ ಹುಡುಗ ನಿಂತ ಜಾಗದಿಂದ ಕದಲದೆ ಬಾಲನ್ನ ರಸ್ತೆ ಆಚೆ ಕಳಿಸ್ತಾನೆ. ನೋಡಿದವರೆಲ್ಲ "ಇವನು ರಣಜಿ ಆಡ್ತಾನೆ ಬಿಡ್ಲಾ" ಅಂತಾರೆ. ಆಡಲ್ಲ. ಯಾಕೆ ಅಂದ್ರೆ ರಣಜಿಗೆ ಹೋಗೋ ದಾರೀಲಿ ಎಲ್ಲೂ ಟೆನಿಸ್ ಬಾಲ್ ಇಲ್ಲ.

ಲೆಕ್ಕ ನೋಡಿ. ಸಾದಾ ಟೆನಿಸ್ ಬಾಲ್ 58 ಗ್ರಾಂ ಆಸುಪಾಸು. ಟೂರ್ನಮೆಂಟಿಗೆ ತರೋ ಗಟ್ಟಿ ಟೆನಿಸ್ ಬಾಲ್ ಅದಕ್ಕಿಂತ ತೂಕ ಇರುತ್ತೆ. ಗಂಡಸರ ಕ್ರಿಕೆಟ್ಟಿನ ಲೆದರ್ ಬಾಲ್ 155.9ರಿಂದ 163 ಗ್ರಾಂ ಇರಬೇಕು ಅಂತ ನಿಯಮ. ಹತ್ತಿರ ಹತ್ತಿರ ಮೂರು ಪಟ್ಟು. ತೂಕ ಒಂದೇ ಅಲ್ಲ, ಆಟಾನೇ ಬೇರೆ. ಟೆನಿಸ್ ಬಾಲು ಎದೆಮಟ್ಟ ಎದ್ದು ಬರುತ್ತೆ, ಹಿಂದಿನ ಕಾಲ ಮೇಲೆ ನಿಂತು ಅಡ್ಡ ಬೀಸಿದರೂ ಹೋಗುತ್ತೆ. ಲೆದರ್ ಬಾಲು ನೆಲಕ್ಕೆ ಬಿದ್ದು ಒಳಗೋ ಹೊರಗೋ ತಿರುಗುತ್ತೆ. ಅದರ ನಡುವಿನ ಹೊಲಿಗೆ ಇದೆಯಲ್ಲ, ಬೌಲರ್‌ನ ಅರ್ಧ ವಿದ್ಯೆ ಅದರಲ್ಲೇ ಇರೋದು. ಟೆನಿಸ್ ಬಾಲಿನಲ್ಲಿ ಹತ್ತು ವರ್ಷ ಬೌಲ್ ಮಾಡಿದವನಿಗೂ ಆ ಹೊಲಿಗೆ ಮೇಲೆ ಎರಡು ಬೆರಳು ಎಲ್ಲಿಡಬೇಕು ಅನ್ನೋದು ಗೊತ್ತಿರಲ್ಲ. ಹೇಗೆ ಗೊತ್ತಾಗಬೇಕು? ಟೆನಿಸ್ ಬಾಲಿಗೆ ಹೊಲಿಗೆಯೇ ಇಲ್ಲ.

ಕೆಲವು ವರ್ಷದ ಹಿಂದೆ ಹೊಸದುರ್ಗ ತಾಲೂಕಿನ ಮೂವರು ಹುಡುಗರ ಜೊತೆ ಒಂದು ಸೆಲೆಕ್ಷನ್‌ಗೆ ಹೋಗಿದ್ದೆ. ಊರು, ಸಂಸ್ಥೆ ಹೆಸರು ಬೇಡ, ಇಂಥದ್ದು ಎಲ್ಲಾ ಕಡೆ ನಡೆಯುತ್ತೆ. ಉಳಿದ ಮಕ್ಕಳು ಚಕ್ರ ಇರೋ ಕಿಟ್ ಬ್ಯಾಗ್ ಎಳ್ಕೊಂಡು ಬಂದಿದ್ರು. ಕುರ್ಚಿ ಮೇಲೆ ಕೂತಿದ್ದವರು ನಮ್ಮ ಹುಡುಗನ್ನ "ಯಾವ ಕ್ಲಬ್?" ಅಂದ್ರು. "ಎಸ್ಸಿ ಹಾಸ್ಟೆಲ್ ಸಾರ್" ಅಂದ ಅವನು. ಅವರು ನಗಲೂ ಇಲ್ಲ, ಬೈಯಲೂ ಇಲ್ಲ, ಬರ್ಕೊಂಡ್ರು ಅಷ್ಟೆ. ಎರವಲು ಪ್ಯಾಡು ಕಟ್ಟಿ ನಿಂತ ಹುಡುಗನಿಗೆ ಆರು ಬಾಲು. ಎರಡನೇದು ಹೆಬ್ಬೆರಳಿಗೆ ಬಡೀತು, ಆಮೇಲಿನ ನಾಲ್ಕಕ್ಕೂ ಅವನ ಕಾಲು ಲೆಗ್ ಕಡೆಗೇ ಓಡ್ತಿತ್ತು. "ನೆಕ್ಸ್ಟ್" ಅಂದ್ರು. ಬಸ್ಸಲ್ಲಿ ಬರುವಾಗ ಅವನು ಹೇಳಿದ್ದು: "ಅಣ್ಣ, ಅದು ಬಾಲಲ್ಲ, ಕಲ್ಲು ಕಣಣ್ಣ." ಅವನ ಜೀವನದ ಮೊದಲ ಲೆದರ್ ಬಾಲು ಅವತ್ತಿನದು. ಉಳಿದ ಮಕ್ಕಳು ಎಂಟು ವರ್ಷಕ್ಕೇ ಅದನ್ನ ಮುಟ್ಟಿದ್ದವು. ಇದಕ್ಕೆ ಮೆರಿಟ್ ಅಂತ ಹೆಸರು ಕೊಟ್ಟಿದಾರೆ ನೋಡಿ.

ಈಗ ಪಲ್ವಾಂಕರ್ ಬಾಳೂ ಕತೆ ಹೇಳಲೇಬೇಕು. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಬೌಲರ್. ಅವರೂ ತಮ್ಮ ಶಿವರಾಮನೂ ಪುಣೆಯಲ್ಲಿ ಆಟ ಕಲಿತದ್ದು ಬ್ರಿಟಿಷ್ ಮಿಲಿಟರಿ ಆಫೀಸರುಗಳು ಬಳಸಿ ಬಿಸಾಕಿದ ಸಾಮಾನಿನಲ್ಲಿ. ಆಮೇಲೆ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಉರುಳಿಸೋ ಕೂಲಿ. ಅಲ್ಲಿ ನೆಟ್ಸ್‌ನಲ್ಲಿ ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡೋಕೆ ಬಿಟ್ಟರು, ಬ್ಯಾಟ್ ಮಾತ್ರ ಕೈಗೆ ಕೊಡಲಿಲ್ಲ. ಹಿಂದೂ ತಂಡಕ್ಕೆ ಆಡೋವಾಗ ಮೈದಾನದೊಳಗೆ ಎಲ್ಲರೂ ಮುಟ್ಟೋದು ಅದೇ ಚೆಂಡು, ಟೀ ಹೊತ್ತಿಗೆ ಇವರಿಗೆ ಮಾತ್ರ ಹೊರಗೆ, ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಇದೇ ಬಾಳೂ 114 ವಿಕೆಟ್ ತಗೊಂಡ್ರು. ಎಷ್ಟೇ ವಿಕೆಟ್ ತಗೊಂಡ್ರೂ ಕ್ಯಾಪ್ಟನ್ ಮಾಡಲಿಲ್ಲ, ಅದು 1923ರಲ್ಲಿ ಅವರ ತಮ್ಮ ವಿಠ್ಠಲನಿಗೆ ಸಿಕ್ತು. ಮುಂದೆ 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತರು. ಅದರ ಜಗಳ ಇನ್ನೊಂದು ದಿನ ಆಡಾನ. ಇವತ್ತಿಗೆ ನನಗೆ ಮುಖ್ಯ ಅನ್ನಿಸೋದು ಒಂದೇ: ಬಿಸಾಕಿದ್ದಾದರೂ ಸರಿ, ಆ ಹುಡುಗನ ಕೈಗೆ ಚಿಕ್ಕ ವಯಸ್ಸಲ್ಲೇ ಸಿಕ್ಕಿದ್ದು ನಿಜವಾದ ಚೆಂಡು.

ಆ ಚೆಂಡು ಯಾರ ಕೈಯಿಂದ ಬರುತ್ತೆ ಅನ್ನೋದೂ ಗೊತ್ತಿರಲಿ. ದೇಶ ಒಡೆದಾಗ ಸಿಯಾಲ್‌ಕೋಟ್‌ನಿಂದ ಬಂದ ಕ್ರೀಡಾ ಸಾಮಾನಿನ ಉದ್ಯಮ ಮೀರತ್, ಜಲಂಧರ್‌ನಲ್ಲಿ ನೆಲೆ ನಿಂತಿತು. ನಮ್ಮ ಟೆಸ್ಟ್, ರಣಜಿಗಳಲ್ಲಿ ಬಳಸೋ ಎಸ್‌ಜಿ ಬಾಲ್ ಮೀರತ್ತಿನದು. ಒಳಗೆ ಕಾರ್ಕಿನ ಗುಂಡು, ಅದರ ಮೇಲೆ ಬಿಗಿಯಾಗಿ ಉಣ್ಣೆ ದಾರ, ಮೇಲೆ ದನದ ಚರ್ಮ. ಕೈಯಲ್ಲೇ ಹಾಕಿದ ಆರು ಸಾಲು ಹೊಲಿಗೆ. ಆ ಹೊಲಿಗೆ ಹಾಕೋ ಕೈಗಳಲ್ಲಿ ಬಹುಪಾಲು ಜಾಟವರದು, ಅಂದ್ರೆ ನಮ್ಮವರದೇ. ಚರ್ಮ ಹದ ಮಾಡೋದು ಪಟಿಕದಲ್ಲಿ. ನಮ್ಮಜ್ಜ ತಂಗಡಿ ತೊಗಟೆಯಲ್ಲಿ ಹದ ಮಾಡ್ತಿದ್ದ. ಕಪಿಲೆ ಬಾನಿ, ಮಿಣಿ, ಮೆಟ್ಟು ಎಲ್ಲಾ ಅವನ ಕೈಯಲ್ಲೇ ಆಗ್ತಿದ್ವು. ಈ ಬರದ ಸೀಮೆಯಲ್ಲಿ ಬಾವಿಯಿಂದ ಹೊಲಕ್ಕೆ ನೀರು ಹೋಗಿದ್ದೇ ಮಾದಿಗರು ಹೊಲಿದ ಬಾನಿಯಲ್ಲಿ. ಬಾನಿ ನೀರು ಮೈಲಿಗೆ ಆಗಲಿಲ್ಲ, ಹೊಲಿದವನು ಆದ.

ಇವತ್ತೂ ಅದೇ. 2016ರಲ್ಲಿ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನ ಗಾಡಿಗೆ ಕಟ್ಟಿ ಹೊಡೆದರು. ಅದೇ ಚರ್ಮದ ಚೆಂಡನ್ನ ಟೀವಿಯಲ್ಲಿ ದೊಡ್ಡ ದೊಡ್ಡವರು ಬಿಳೀ ಪ್ಯಾಂಟಿಗೆ ಉಜ್ಜಿ ಉಜ್ಜಿ ಹೊಳೆಸ್ತಾರೆ.

ಇನ್ನೊಂದು ಘಟನೆ ಮರೀಬೇಡಿ. 2023ರ ಜೂನ್‌ನಲ್ಲಿ ಗುಜರಾತಿನ ಪಾಟಣ ಜಿಲ್ಲೆಯ ಕಾಕೋಶಿ ಅನ್ನೋ ಊರಲ್ಲಿ ಶಾಲೆ ಮೈದಾನದಲ್ಲಿ ಮ್ಯಾಚ್ ನಡೀತಿತ್ತು. ನೋಡ್ತಾ ನಿಂತಿದ್ದ ದಲಿತ ಹುಡುಗ ತನ್ನ ಹತ್ತಿರ ಬಂದ ಬಾಲ್ ಎತ್ಕೊಂಡ. ಅಷ್ಟಕ್ಕೇ ಜಗಳ ಎದ್ದು, ಸಂಜೆ ಹೊತ್ತಿಗೆ ಅವನ ಸಂಬಂಧಿಕನ ಹೆಬ್ಬೆರಳು ಕತ್ತರಿಸಿದರು. ಏಕಲವ್ಯನ ಕತೆ ಪುರಾಣ ಅನ್ನೋರಿಗೆ ಇದನ್ನ ತೋರಿಸಿ.

ಬಾಲಿನ ಪ್ರಶ್ನೆ ಎರಡು ಸಾಲಿನದಲ್ಲ ಅಂದಿದ್ದು ಇದಕ್ಕೇ. ಹೊಳಲ್ಕೆರೆ ಕಡೆ ನಮ್ಮ ಹುಡುಗರು ಆಡೋ ಬಯಲಿನ ಪಕ್ಕ ಅಡಿಕೆ ತೋಟ. ಬೇಲಿ ದಾಟಿ ಬಾಲು ಹೋದರೆ ಟೆನಿಸ್ ಬಾಲು, ಹೋಗ್ಲಿ ಬಿಡ್ಲಾ ಅಂತ ಬಿಟ್ಟುಬಿಡ್ತಾರೆ. ಲೆದರ್ ಬಾಲು ಬಿಡೋಕಾಗಲ್ಲ. ಒಳಗೆ ಹೋಗಿ ತರಬೇಕು. ಯಾರು ಹೋಗಬೇಕು, ತೋಟದವರು ಏನಂತಾರೆ ಅನ್ನೋದನ್ನ ಬಾಲು ಕೊಳ್ಳೋಕೆ ಮುಂಚೆನೇ ಲೆಕ್ಕ ಹಾಕಬೇಕಾದ ಕ್ರಿಕೆಟ್ ಆಟಗಾರರು ನಾವು ಮಾತ್ರ. ಅದಕ್ಕೇ ನನ್ನ ಮೊದಲ ಸಲಹೆ ಬಾಲಿನ ಬಗ್ಗೆ ಅಲ್ಲ, ಬಲೆ ಬಗ್ಗೆ. ಮಾರಿಕಣಿವೆ ಹಿನ್ನೀರಲ್ಲಿ ಮೀನು ಹಿಡಿಯೋರ ಹತ್ತಿರ ಹರಿದ ಬಲೆ ಕೇಳಿ ತನ್ನಿ. ಎರಡು ಪದರ ಮಾಡಿ ಬೊಂಬಿಗೆ ಕಟ್ಟಿದರೆ ನೆಟ್ಸ್ ಆಯ್ತು. ಹಿರಿಯೂರಿನ ಹುಡುಗರು ಹಾಗೇ ಮಾಡಿದಾರೆ, ಬಾಲು ಎಲ್ಲೂ ಹೋಗಲ್ಲ, ಯಾರ ಬೇಲಿ ಮುಂದೆ ನಿಂತು ಸ್ವಾಮಿ ಅನ್ನೋದೂ ಬೇಕಿಲ್ಲ.

ಇನ್ನು ದುಡ್ಡು. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಸಾಧಾರಣ ಲೆದರ್ ಬಾಲಿಗೆ ಹೆಚ್ಚು ಕಮ್ಮಿ ಅಷ್ಟೇ ಆಗುತ್ತೆ. ಟೆಸ್ಟ್ ದರ್ಜೆಯದು ಸಾವಿರ ದಾಟುತ್ತೆ. ನಮ್ಮ ಕೆಂಪು ಗರಸು ನೆಲದಲ್ಲಿ ಹತ್ತು ಹದಿನೈದು ಓವರಿಗೇ ಅದರ ಚರ್ಮ ಕಿತ್ತು ಬರುತ್ತೆ. ಅವ್ವ ಒಂದು ದಿನ ಬಿಸಿಲಲ್ಲಿ ಗುಂಡಿ ತೋಡಿದ್ದು ಒಂದು ಸಂಜೆಯಲ್ಲಿ ಸವೆದು ಹೋಗುತ್ತೆ.

ಚೆಂಡಿನ ಬೆಲೆ ಯಾರನ್ನ ಹೊರಗಿಡುತ್ತೆ ಅನ್ನೋದಕ್ಕೆ ಗಾಲ್ಫ್ ನೋಡಿ. ನಮಗೂ ಅದಕ್ಕೂ ಸಂಬಂಧ ಇಲ್ಲ, ಬೆಂಗಳೂರಿಗೆ ಹೋದಾಗ ಕಾಂಪೌಂಡ್ ಆಚೆಯಿಂದ ಹುಲ್ಲು ಕಂಡಿರಬಹುದು ಅಷ್ಟೆ. ಒಂದು ಕಾಲಕ್ಕೆ ಅದರ ಚೆಂಡೂ ಚರ್ಮದ್ದೇ. ಪುಟ್ಟ ಚರ್ಮದ ಚೀಲಕ್ಕೆ ಬೇಯಿಸಿದ ಹಕ್ಕಿ ಪುಕ್ಕ ತುರುಕಿ ಹೊಲೀಬೇಕಿತ್ತು. ನುರಿತ ಕೆಲಸಗಾರನೂ ದಿನಕ್ಕೆ ಮಾಡ್ತಿದ್ದದ್ದು ಬೆರಳೆಣಿಕೆ ಚೆಂಡು. ಹಾಗಾಗಿ ಉಳ್ಳವರೇ ಆಡ್ತಿದ್ರು. 1848ರ ಹೊತ್ತಿಗೆ ಗಟ್ಟಾಪರ್ಚ ಅನ್ನೋ ಮರದ ಹಾಲಿನಿಂದ ಅಗ್ಗದ ಚೆಂಡು ಬಂದ ಮೇಲೆ ಸಾಮಾನ್ಯರೂ ಆ ಆಟಕ್ಕೆ ಇಳಿದರು. ಇವತ್ತು ಗಾಲ್ಫ್ ಕಲಿಯೋನಿಗೆ ಹೇಳೋದೂ ಅದನ್ನೇ: ಅಗ್ಗದ ಬಾಲು ತಗೋ, ಹೇಗಿದ್ರೂ ಕಳ್ಕೋತೀಯ ಅಂತ. ಕ್ರಿಕೆಟ್ಟಲ್ಲಿ ನಮ್ಮ ಮಕ್ಕಳಿಗೆ ಸಿಕ್ಕ ಅಗ್ಗದ ಬಾಲು ಬೇರೆ ಆಟವನ್ನೇ ಕಲಿಸಿ ಮನೆಗೆ ಕಳಿಸುತ್ತೆ, ಕಷ್ಟ ಇರೋದು ಇಲ್ಲಿ.

ಸರಿ, ಕೇಳಿದ್ದಕ್ಕೆ ಉತ್ತರ.

ಕಾರ್ಕ್ ಬಾಲು ಬೇಡವೇ ಬೇಡ. ಅಗ್ಗ, ಸವೆಯಲ್ಲ, ಅಂಗಡಿಯವನು ಅದನ್ನೇ ದಾಟಿಸೋಕೆ ನೋಡ್ತಾನೆ. ಅದು ಬರೀ ಗಟ್ಟಿ, ಅಡ್ಡಾದಿಡ್ಡಿ ಪುಟಿಯುತ್ತೆ, ಮೂಳೆಗೆ ಬಿದ್ದರೆ ಲೆದರಿಗಿಂತ ಕಮ್ಮಿ ನೋವೇನಲ್ಲ. ಹುಡುಗ ಅದರಲ್ಲಿ ಕಲಿಯೋದು ಹೆದರಿಕೆಯೊಂದನ್ನೇ.

ಹದಿಮೂರು ವರ್ಷದೊಳಗಿನ ಮಕ್ಕಳಿಗೆ ದೊಡ್ಡ ಬಾಲು ಕೊಡಬೇಡಿ. ಅವರಿಗಂತಲೇ 133ರಿಂದ 144 ಗ್ರಾಮಿನ ಸಣ್ಣ ಬಾಲು ಬರುತ್ತೆ, ಕೇಳಿ ತಗೊಳ್ಳಿ. ಹೆಣ್ಣುಮಕ್ಕಳ ಬಾಲು 140ರಿಂದ 151 ಗ್ರಾಂ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ನಮ್ಮ ಅಂಬೇಡ್ಕರ್ ಕಪ್‌ಗಳಲ್ಲಿ ಹುಡುಗಿಯರ ಟೀಮು ನಾನಿನ್ನೂ ನೋಡಿಲ್ಲ. ಛಲವಾದಿ ಹೆಣ್ಣುಮಗಳು ಓಬವ್ವನ ಹೆಸರು ದುರ್ಗದ ಸ್ಟೇಡಿಯಂಗೆ ಇದೆ, ಭಾಷಣದಲ್ಲಿ ಒನಕೆ ಬೀಸದ ಲೀಡರಿಲ್ಲ. ಹುಡುಗಿ ಬ್ಯಾಟ್ ಕೇಳಿದರೆ ಮಾತ್ರ "ಸ್ಕೋರ್ ಬರ್ಕೊಳಮ್ಮ" ಅಂತೀವಿ.

ದೊಡ್ಡ ಹುಡುಗರಿಗೆ ಮೊದಲು ಟೂ ಪೀಸ್ ಬಾಲ್. ಚರ್ಮದ ಎರಡೇ ಬಟ್ಟಲು ಕೂಡಿಸಿ ಹೊಲಿದಿರ್ತಾರೆ, ಅಗ್ಗ, ಪ್ರಾಕ್ಟೀಸಿಗೆ ಸಾಕು. ಫೋರ್ ಪೀಸ್‌ನಲ್ಲಿ ಒಂದೊಂದು ಬಟ್ಟಲನ್ನೂ ಎರಡು ತುಂಡಲ್ಲಿ ಮಾಡಿರ್ತಾರೆ, ಆಕಾರ ಹೆಚ್ಚು ಹೊತ್ತು ನಿಲ್ಲುತ್ತೆ. ಅದನ್ನ ಮ್ಯಾಚಿಗೆ, ಇಲ್ಲಾ ಬೌಲರುಗಳಿಗೆ ಇಟ್ಕೊಳ್ಳಿ. ಅಂಗಡಿಯಲ್ಲಿ ಹೊಳಪು ನೋಡಿ ಮರುಳಾಗಬೇಡಿ, ಅದು ಪಾಲಿಶ್. ಹೊಲಿಗೆ ಮೇಲೆ ಉಗುರು ಎಳೆದು ನೋಡಿ, ಉಬ್ಬಿ ನಿಂತಿರಬೇಕು. ನೆಲದ ಮೇಲೆ ಉರುಳಿಸಿ, ವಾಲಿದರೆ ಬೇರೆ ಕೇಳಿ. ಇಬ್ಬನಿಯಲ್ಲಿ ಆಡಿಸಬೇಡಿ, ಒದ್ದೆ ಆದರೆ ಉಬ್ಬಿ ಭಾರ ಆಗುತ್ತೆ. ಮನೆಯಲ್ಲಿ ಅಜ್ಜ ಇದ್ದರೆ ಅವನ ಕೈಗೆ ಕೊಡಿ. ಚರ್ಮ ಚೆನ್ನಾಗೈತಾ ಅನ್ನೋದು ಅವನಿಗೆ ಮುಟ್ಟಿದ ತಕ್ಷಣ ಗೊತ್ತಾಗುತ್ತೆ.

ಮೊದಲ ಹದಿನೈದು ದಿನ ಬ್ಯಾಟೇ ಬೇಡ. ಹಳೇ ಲೆದರ್ ಬಾಲು ಕೊಟ್ಟು ಕ್ಯಾಚ್ ಹಿಡಿಸಿ, ಹತ್ತಿರದಿಂದ ಮೆಲ್ಲಗೆ. ಅಂಗೈಗೆ ಅದರ ಪರಿಚಯ ಆಗಲಿ. ರಾತ್ರಿ ದಿಂಬಿನ ಪಕ್ಕ ಇಟ್ಕೊಂಡು ಮಲಗಲಿ ಬೇಕಾದ್ರೆ. ಬ್ಯಾಟ್ ಹಿಡಿಯೋ ದಿನ ಪ್ಯಾಡು, ಗಾರ್ಡು, ಗ್ಲೌಸು, ಹೆಲ್ಮೆಟ್ಟು ಇಲ್ಲದೆ ಯಾವ ಮಗುವನ್ನೂ ಲೆದರ್ ಬಾಲಿನೆದುರು ನಿಲ್ಲಿಸಬೇಡಿ. ಧೈರ್ಯದ ಮಾತು ಆಡಬೇಡಿ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ.

ಅಷ್ಟೆಲ್ಲಾ ದುಡ್ಡು ಎಲ್ಲಿಂದ ಅಂತೀರ? ಕಪ್ ಮಾಡೋ ಹುಡುಗರೇ, ನಿಮ್ಮ ಖರ್ಚಿನ ಚೀಟಿ ನಾನು ನೋಡಿದೀನಿ. ಮಗುವಿನ ಎತ್ತರದ ಟ್ರೋಫಿ, ಡಿಜೆ, ಹತ್ತು ಜನ ಲೀಡರುಗಳ ಮುಖ ಇರೋ ಫ್ಲೆಕ್ಸು. ನನ್ನ ಮುಖವೂ ಇರುತ್ತೆ, ಕೇಳದೇನೇ ಹಾಕ್ತೀರಿ. ಈ ಏಪ್ರಿಲ್ 14ಕ್ಕೆ ಒಂದು ಡಿಜೆ ಬಿಡಿ. ಆ ದುಡ್ಡಲ್ಲಿ ಒಂದು ಊರಿಗೆ ಒಂದು ಕಿಟ್ಟು, ಆರು ಟೂ ಪೀಸ್ ಬಾಲು ಬರುತ್ತೆ, ಎಲ್ಲರೂ ಹಂಚ್ಕೊಂಡು ಆಡಬಹುದು. ಮ್ಯಾನ್ ಆಫ್ ದಿ ಮ್ಯಾಚಿಗೆ ಸ್ಟೀಲ್ ಡಬ್ಬಿ ಬದಲು ಫೋರ್ ಪೀಸ್ ಬಾಲು ಕೊಡಿ. ಈ ಸಲದ ಸೆಕೆಂಡ್ ಪ್ರೈಜಿಗೆ ನಾನು ದುಡ್ಡು ಕೊಡಲ್ಲ, ಬಾಲು ಕೊಡ್ತೀನಿ. ಬೇಜಾರಾದ್ರೆ ಆಗಿ.

ಬೆಂಗಳೂರು, ದಾವಣಗೆರೆಯಲ್ಲಿ ಕ್ಲಬ್ ಕ್ರಿಕೆಟ್ ಆಡೋ ಗೆಳೆಯರು ಈ ಪೋಸ್ಟ್ ಓದ್ತಿದ್ರೆ, ಮ್ಯಾಚ್ ಮುಗಿದ ಮೇಲಿನ ಹಳೇ ಬಾಲುಗಳನ್ನ ಒಂದು ಚೀಲಕ್ಕೆ ಹಾಕಿಡಿ. ದುರ್ಗದ ಕಡೆ ಬಂದಾಗ ಮೆಸೇಜ್ ಮಾಡಿ, ಹುಡುಗರು ಬಂದು ತಗೋತಾರೆ. ಹೊಲಿಗೆ ಬಿಟ್ಟಿದ್ರೂ ಪರವಾಗಿಲ್ಲ, ಹಾಕೋರು ನಮ್ಮ ಕೇರೀಲಿ ಇನ್ನೂ ಇದಾರೆ. ಕಾರ್ಕ್ ಬಾಲ್ ಮಾತ್ರ ತರಬೇಡಿ.