ಹೊಲ ಕಾದ ರಾತ್ರಿಗಳು

ಮನಸ್ಸಿಗೆ ನೆಮ್ಮದಿ ಬೇಕಾದರೆ ಮಲೆನಾಡಿಗೆ ಹೋಗಬೇಕು, ಹಸಿರು ಬೇಕು, ಹೊಳೆ ಬೇಕು ಎಂದು ಬಹಳ ಜನ ನಂಬಿದ್ದಾರೆ. ಮೊಳಕಾಲ್ಮೂರು ಸೀಮೆಯ ರಾಂಪುರದಲ್ಲಿ ಬೆಳೆದ ನಾನು ಅದನ್ನು ಒಪ್ಪಲಾರೆ. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ. ನಮ್ಮ ಪಾಲಿಗೆ ಬಂದದ್ದು ಕೆಮ್ಮಣ್ಣಿನ ಹೊಲ, ಕಲ್ಲುಗುಂಡಿನ ಬೆಟ್ಟ, ಜಾಲಿ, ಬೇವು, ಹುಣಸೆ. ಅದರ ಮೇಲೆ ಎಲ್ಲಿಯೂ ಅಡ್ಡಿಯಿಲ್ಲದ ಆಕಾಶ. ನನಗೂ ನನ್ನ ದೊಡ್ಡಪ್ಪ, ಚಿಕ್ಕಪ್ಪಂದಿರ ಮಕ್ಕಳಿಗೂ ಸುಮ್ಮನೆ ಕೂರುವುದನ್ನು ಕಲಿಸಿದ್ದು ಆ ಒಣ ನೆಲವೇ.

ಶೇಂಗಾ ನಮ್ಮ ಕಡೆಯ ಬೆಳೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಹೆಸರು ಮಾಡಿದ್ದು ಅದರಿಂದಲೇ. ಮಳೆ ಕೈಹಿಡಿದ ವರ್ಷ ದಸರಾ ಹೊತ್ತಿಗೆ ಬಳ್ಳಿಯಲ್ಲಿ ಕಾಯಿ ಗಟ್ಟಿಯಾಗುತ್ತಿತ್ತು. ಅಲ್ಲಿಂದ ಕಿತ್ತು ಒಕ್ಕುವವರೆಗೂ ಬೆಟ್ಟದ ಹಂದಿಗಳ ಕಾಟ. ರಾತ್ರಿ ಹೊಲ ಕಾಯಲು ತಾತ ಹೊರಟರೆ ಅವರ ಹಿಂದೆ ನಾವು. ಮುದ್ದೆ ಉಂಡು, ಕಂಬಳಿ ಹೆಗಲಿಗೆ ಹಾಕಿಕೊಂಡು, ಬದುವಿನ ಮೇಲೆ ಸಾಲಾಗಿ ನಡೆದು, ಬೇವಿನ ಮರಕ್ಕೆ ಕಟ್ಟಿದ ಅಟ್ಟಣಿಗೆ ಹತ್ತುತ್ತಿದ್ದೆವು.

ಮೊದಮೊದಲು ನಮ್ಮ ಬಾಯಿ ನಿಲ್ಲುತ್ತಿರಲಿಲ್ಲ. ತಾತ ಬೈಯುತ್ತಿರಲಿಲ್ಲ. "ಸುಮ್ಕಿರ್ರಪ್ಪ, ಹಂದಿ ಬಂದ್ರೆ ಗೊತ್ತಾಗಾಕಿಲ್ಲ" ಎನ್ನುತ್ತಿದ್ದರು, ಅಷ್ಟೆ. ಬ್ಯಾಟರಿ ಹಚ್ಚುವಂತಿಲ್ಲ, ಸೆಲ್ಲು ಮುಗಿದರೆ ತರಲು ಪೇಟೆಗೇ ಹೋಗಬೇಕು. ಹಾಗಾಗಿ ಕಣ್ಣಿಗೆ ಕೆಲಸವಿಲ್ಲ. ಉಳಿದದ್ದು ಕಿವಿ. ಹಂದಿ ಹೊಲಕ್ಕೆ ಇಳಿದರೆ ಮೊದಲು ಕೇಳುವುದು ಅದರ ಗುಟುರಲ್ಲ, ಬೇರು ಸಮೇತ ಬಳ್ಳಿ ಕಿತ್ತು ಬರುವ ಸಣ್ಣ ಸದ್ದು. ಆಮೇಲೆ ಸಿಪ್ಪೆ ಒಡೆಯುವ ಕಟಕಟ. ಆ ಮೊದಲ ಸದ್ದನ್ನೇ ಹಿಡಿಯಬೇಕು. ಎರಡನೆಯದು ಕೇಳುವ ಹೊತ್ತಿಗೆ ಒಂದು ಮಡಿ ಹೋಗಿರುತ್ತದೆ.

ಹಾಗೆ ಕಿವಿಗೊಟ್ಟು ಕೂತವರಿಗೆ ಹಂದಿ ಬರದ ರಾತ್ರಿಯೂ ಬರಿದಾಗಿರುತ್ತಿರಲಿಲ್ಲ. ದೂರದ ಬಳ್ಳಾರಿ ರಸ್ತೆಯಲ್ಲಿ ಲಾರಿ ಗೇರು ಬದಲಿಸಿದ್ದು, ಬೆಟ್ಟದ ಬುಡದಲ್ಲಿ ನರಿ ಕೂಗಿದ್ದು, ಬೇವಿನೆಲೆಯ ಮೇಲೆ ಇಬ್ಬನಿ ಕೂಡಿ ಕೆಳಗಿನ ಒಣಗರಿಗೆ ತೊಟ್ಟಿಕ್ಕಿದ್ದು, ಪಕ್ಕದಲ್ಲಿ ಕೂತ ಅಣ್ಣನ ಉಸಿರು. ಒಂದೊಂದೂ ಬೇರೆಬೇರೆಯಾಗಿ ಕೇಳುತ್ತಿತ್ತು. ನಾಳಿನ ಲೆಕ್ಕದ ಪರೀಕ್ಷೆ, ಮೇಷ್ಟ್ರ ಬೆತ್ತ, ಮನೆಯ ಸಾಲದ ಮಾತು, ಯಾವುದೂ ಆ ಹೊತ್ತಿನಲ್ಲಿ ತಲೆಗೆ ಬರುತ್ತಿರಲಿಲ್ಲ. ಸಾಲಾದ ಮೂರು ಚುಕ್ಕಿ ಬೆಟ್ಟದ ಅಂಚಿಗೆ ಬಂದರೆ ಚಿಕ್ಕವರ ಪಾಳಿ ಮುಗಿಯಿತು, ಕಂಬಳಿ ಹೊದ್ದು ಮಲಗಬಹುದು. ಮಲಗಿದವರೂ ಬಹಳ ಹೊತ್ತು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆವು. ಧ್ಯಾನ ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಬೆಳೆ ಉಳಿಸಿಕೊಳ್ಳುವ ಕೆಲಸದೊಳಗೇ ಅದು ಸೇರಿಹೋಗಿತ್ತು ಎಂದು ಈಗ ನನಗನಿಸುತ್ತದೆ.

ಬೇಸಿಗೆ ರಜೆಯಲ್ಲಿ ಕುರಿ ಕಾಯುವ ಕೆಲಸ. ತಾತನ ಹಿಂಡಿನ ಜೊತೆ ಹತ್ತಿರದ ಬ್ರಹ್ಮಗಿರಿ ಬೆಟ್ಟದ ಕಡೆಗೂ ಹೋದದ್ದುಂಟು. ಅಲ್ಲಿಯ ಅಕ್ಷರಗುಂಡು ಎಂಬ ಬಂಡೆ ನಮಗೆ ಮೊದಲು ಗೊತ್ತಾದದ್ದು ನೆರಳಿನ ಜಾಗವಾಗಿ. ಅದು ಅಶೋಕನ ಶಾಸನ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಲೋಕಕ್ಕೆ ತೋರಿಸಿದರು, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದು ಅಲ್ಲಿಯ ನೆಲ ಅಗೆದರು ಎಂದೆಲ್ಲ ಹೈಸ್ಕೂಲಿಗೆ ಹೋದ ಮೇಲೆ ತಿಳಿಯಿತು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದು ಅದರಲ್ಲಿದೆ ಎಂದು ಮೇಷ್ಟ್ರು ಹೇಳಿದಾಗ ನನ್ನ ತಮ್ಮ ಕೈ ಎತ್ತಿ, "ನಮ್ ತಾತನೂ ಇದ್ನೇ ಹೇಳ್ತಾರೆ ಸಾ" ಎಂದಿದ್ದ. ಆ ಶಾಸನದಲ್ಲಿ 256 ಎಂಬ ಅಂಕಿಯಿದೆ. ರಾಜಧಾನಿ ಬಿಟ್ಟು ಹೊರಟ ಅರಸ ಹೊರಗೆ ಕಳೆದ ರಾತ್ರಿಗಳ ಎಣಿಕೆ ಅದು ಎಂದು ವಿದ್ವಾಂಸರು ಓದುತ್ತಾರೆ. ಹೊಲದಲ್ಲಿ ರಾತ್ರಿ ಕಳೆದ ನನಗೆ ಇಡೀ ಶಾಸನದಲ್ಲಿ ತೀರಾ ಹತ್ತಿರದ್ದು ಆ ಅಂಕಿಯೇ.

ಬಂಡೆಯ ಗುಣವನ್ನು ನಮ್ಮ ಕಡೆಯವರು ಮೈಯಿಂದಲೇ ಬಲ್ಲರು. ಮಧ್ಯಾಹ್ನ ಕಾಲಿಡಲಾಗದಷ್ಟು ಸುಡುವ ಗುಂಡು ಹೊತ್ತು ಮುಳುಗಿದ ಮೇಲೆ ಹದವಾಗುತ್ತದೆ. ಮೇಲೆ ತಣ್ಣನೆ ಗಾಳಿ, ಕೆಳಗೆ ದಿನವಿಡೀ ಕುಡಿದ ಬಿಸಿಲನ್ನು ನಿಧಾನವಾಗಿ ಬಿಟ್ಟುಕೊಡುವ ಕಲ್ಲು. ಕುರಿ ರೊಪ್ಪ ಸೇರಿದ ಮೇಲೆ ಬೆನ್ನು ಚಾಚಿ ಮಲಗಿದರೆ ಏಳಲು ಮನಸ್ಸಾಗದು. ಬ್ರಹ್ಮಗಿರಿಯ ಸುತ್ತ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಎಷ್ಟೋ ಸಾವಿರ ವರ್ಷ ಹಳೆಯ ಸಮಾಧಿಗಳಿವೆ. ಅವುಗಳ ನಡುವೆ ಕುರಿಮರಿ ಹುಡುಕುತ್ತ ಅಲೆದ ಹುಡುಗರಿಗೆ ಭಯವೇನೂ ಆಗುತ್ತಿರಲಿಲ್ಲ. ಹಿಂದಿನವರೂ ಇಲ್ಲೇ ಇದ್ದಾರೆ ಎಂಬ ಧೈರ್ಯವೇ ಇರುತ್ತಿತ್ತು.

ಜಟಿಂಗ ರಾಮೇಶ್ವರ ಬೆಟ್ಟ ಮಾತ್ರ ಹಬ್ಬದ ಜಾಗ. ರಾವಣನೊಡನೆ ಕಾದಾಡಿದ ಜಟಾಯು ಬಿದ್ದದ್ದು ಅಲ್ಲಿಯೇ ಎಂದು ನಮ್ಮವರ ನಂಬಿಕೆ. ಮೆಟ್ಟಿಲು ಹತ್ತುವಾಗ ದೊಡ್ಡವ್ವ ಕೆಲವು ಕಡೆ ಕೂತು ಕಥೆ ಹೇಳುತ್ತಿದ್ದರು, ಅವರಿಗೆ ದಣಿವಾರಿದೊಡನೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು, ಮುಂದಿನದು ಮುಂದಿನ ಮೆಟ್ಟಿಲಿಗೆ. ಅಲ್ಲಿಯೂ ಅಶೋಕನ ಅಕ್ಷರಗಳಿವೆ. ಆ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವದು. ಅಕ್ಷರಗಳು ಸವೆದಿವೆ. ಮೇಲೆ ನಿಂತರೆ ಗಾಳಿ ಒಂದೇ ಸಮ ಬೀಸುತ್ತದೆ, ಕೆಳಗಿನ ಊರುಗಳು ಒಂದು ಹಿಡಿ ಹೆಂಚು, ಒಂದು ಹಿಡಿ ಮರ. ಜಗಳ ಆಡಿಕೊಂಡು ಹತ್ತಿದ ನಾವು ಮೇಲೆ ಬಂದ ಮೇಲೆ ಜಗಳವಾಡಿದ ನೆನಪು ನನಗಿಲ್ಲ.

ಇನ್ನೊಬ್ಬರ ಬಗ್ಗೆ ಹೇಳದೆ ಈ ಬರಹ ಮುಗಿಯದು. ಮ್ಯಾಸಬೇಡ ಸಮುದಾಯದವರು ದೇವರ ಹೆಸರಲ್ಲಿ ಕಾಪಾಡಿಕೊಂಡು ಬಂದ ದೇವರ ಎತ್ತುಗಳ ಹಿಂಡುಗಳು ನಮ್ಮ ಸೀಮೆಯಲ್ಲಿ ಇಂದಿಗೂ ಇವೆ. ಅವಕ್ಕೆ ನೊಗ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಅವುಗಳ ಬೆನ್ನಿಗೆ ಕಾಯುವ ಕಿಲಾರಿ ಇರುತ್ತಾನೆ. ಬಿಸಿಲಾಗಲಿ, ಮಳೆಯಾಗಲಿ ಅವನ ದಿನ ನಡೆಯುವುದು ಹಿಂಡಿನ ನಡಿಗೆಯ ಮೇಲೆ. ನಾವು ಕಂಡ ಕಿಲಾರಿಯೊಬ್ಬರು ಕೋಲಿಗೆ ಗಲ್ಲ ಊರಿ ನಿಂತರೆ ಅರ್ಧ ಹೊತ್ತು ಹಾಗೇ ನಿಲ್ಲುತ್ತಿದ್ದರು. ಮಂಕಾಗಿ ನಿಂತದ್ದಲ್ಲ. ಹಿಂಡಿನಲ್ಲಿ ಒಂದು ಕರು ಕುಂಟಿದರೂ ಕತ್ತು ತಿರುಗಿಸದೆ ತಿಳಿಯುತ್ತಿತ್ತು ಅವರಿಗೆ. "ಬೇಜಾರಾಗಲ್ವಾ ತಾತ?" ಎಂದು ಅಣ್ಣ ಕೇಳಿದ್ದಕ್ಕೆ, "ಎತ್ತು ಬ್ಯಾಸ್ರ ಮಾಡ್ಕಂತವಾ?" ಎಂದಿದ್ದರು. ನೆಮ್ಮದಿಯ ಬಗ್ಗೆ ನಾನು ಆಮೇಲೆ ಓದಿದ, ಕೇಳಿದ ಎಷ್ಟೋ ಮಾತುಗಳಿಗಿಂತ ಅವರ ಆ ನಿಲುವು ದೊಡ್ಡದು ಎಂದು ಇಂದಿಗೂ ನಂಬಿದ್ದೇನೆ.

ತಾತ ಹೋದರು. ನಾವು ಬಳ್ಳಾರಿ, ದಾವಣಗೆರೆ, ಬೆಂಗಳೂರು ಎಂದು ಚದುರಿದೆವು. ಊರ ಪಕ್ಕದ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ, ರಾತ್ರಿಯೂ ವಾಹನ ನಿಲ್ಲುವುದಿಲ್ಲ. ಹೋದ ಸಲ ಮದುವೆಗೆ ಕೂಡಿದಾಗ ಬೆಂಗಳೂರಿನ ತಮ್ಮ ಒಂದು ಮಾತು ಹೇಳಿದ. ನಿದ್ದೆ ಬರುತ್ತಿಲ್ಲವೆಂದು ಯಾರೋ ಅವನನ್ನು ಧ್ಯಾನದ ತರಗತಿಗೆ ಕಳಿಸಿದ್ದರಂತೆ. ಕಣ್ಣು ಮುಚ್ಚಿ, ಸುತ್ತಲಿನ ಸದ್ದು ಕೇಳಿಸಿಕೊಳ್ಳಿ ಎಂದೊಡನೆ ಅವನು ಹುಡುಕಿದ್ದು ಬಳ್ಳಿ ಕೀಳುವ ಸದ್ದನ್ನಂತೆ. "ಅಣ್ಣ, ಕಿವಿ ಇನ್ನೂ ಹೊಲದಾಗೇ ಐತೆ" ಎಂದ. ಮದುವೆ ಮನೆಯ ಗದ್ದಲದಲ್ಲೂ ನಾವೆಲ್ಲ ಸ್ವಲ್ಪ ಹೊತ್ತು ಮಾತು ಬಿಟ್ಟೆವು.

ನಮ್ಮ ಬೆಟ್ಟಗಳನ್ನು ಬರಡು ಎಂದು ಕರೆಯುವವರು ಅಲ್ಲಿ ಒಂದು ಸಂಜೆಯೂ ಕಳೆದವರಲ್ಲ. ಕಾರೆ, ಬಾರೆ, ಸೀತಾಫಲ, ಅದನ್ನು ತಿನ್ನಲು ಇಳಿಯುವ ಕರಡಿ, ಗೌಜಲಹಕ್ಕಿ, ಮೊದಲ ಮಳೆಗೆ ವಾಸನೆ ಬಿಡುವ ಹುಲ್ಲು, ಇಷ್ಟೆಲ್ಲ ಇರುವ ಜಾಗ ಬರಡಲ್ಲ. ಬಳ್ಳಾರಿ ರಸ್ತೆಯಲ್ಲಿ ಹೋಗುವವರು ಚಳಿಗಾಲದ ಒಂದು ದಿನ ರಾಂಪುರದಲ್ಲಿ ಇಳಿಯಿರಿ, ಬ್ರಹ್ಮಗಿರಿಗೆ ಹೋಗಿ. ನೀರು ಒಯ್ಯಿರಿ, ಕತ್ತಲಾಗುವ ಮುಂಚೆ ಬೆಟ್ಟ ಇಳಿಯಿರಿ, ಕರಡಿ ಓಡಾಡುವ ಜಾಗ ಅದು. ಬಂಡೆಯ ಮೇಲೆ ನಿಮ್ಮ ಹೆಸರು ಕೊರೆಯಬೇಡಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ.